ದಿಲ್‌ಸುಖ್‌ನಗರದಲ್ಲಿ ಇಂಗ್ಲಿಷ್ ಕಲಿಯುವ ನಮ್ಮ ಹುಡುಗರು

ದಿಲ್‌ಸುಖ್‌ನಗರದ ಮೆಟ್ರೋ ನಿಲ್ದಾಣದಿಂದ ಇಳಿದು ಯಾವ ದಿಕ್ಕಿಗೆ ನೋಡಿದರೂ ಕಣ್ಣಿಗೆ ಬೀಳುವುದು ತರಬೇತಿ ಕೇಂದ್ರಗಳ ಫಲಕಗಳೇ. ಬ್ಯಾಂಕ್ ಪರೀಕ್ಷೆ, ಪೊಲೀಸ್ ನೇಮಕಾತಿ, ಕಂಪ್ಯೂಟರ್; ಇವುಗಳ ನಡುನಡುವೆ ಸ್ಪೋಕನ್ ಇಂಗ್ಲಿಷ್. ಹಿಂದಿನ ಗಲ್ಲಿಗಳ ಹಾಸ್ಟೆಲುಗಳಲ್ಲಿ ತೆಲುಗು ಮಕ್ಕಳ ಜೊತೆಗೆ ಬೀದರ್, ಕಲಬುರಗಿ, ರಾಯಚೂರು ಸೀಮೆಯ ಹುಡುಗ ಹುಡುಗಿಯರೂ ಇದ್ದಾರೆ. 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದ ಆ ಸೀಮೆಯವರಿಗೆ ಇಂದಿಗೂ ಈ ನಗರ ಬೆಂಗಳೂರಿಗಿಂತ ಹತ್ತಿರ. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಈ ಮಕ್ಕಳು ಇಂಗ್ಲಿಷಿಗೆಂದು ಹಣ ತೆರುತ್ತಾರೆ. ಅವರಿಗೆ ಸಿಗುವುದೇನು? ಪಟ್ಟಿ ಮಾಡಿಟ್ಟ ವಾಕ್ಯಗಳು, ಅವನ್ನು ಗಿಳಿಯಂತೆ ಒಪ್ಪಿಸುವ ಅಭ್ಯಾಸ, ಜೊತೆಗೆ ತರಗತಿಯಲ್ಲಿ ಮಾತೃಭಾಷೆ ಬಾಯಿಗೆ ಬಂದರೆ ದಂಡ.

ಭಾನುವಾರಗಳಂದು ಇಂಥ ಏಳೆಂಟು ಮಂದಿಯೊಡನೆ ಕುಳಿತುಕೊಳ್ಳುವುದು ನನ್ನ ರೂಢಿ. ಅವರಿಗೆ ವ್ಯಾಕರಣದ ನಿಯಮಗಳು ಗೊತ್ತು. ಆದರೆ ಇಂಗ್ಲಿಷಿನಲ್ಲಿ ಹೇಳಲೇಬೇಕಾದ ಒಂದು ಸಂಗತಿಯನ್ನು ಅವರ ಮುಂದೆ ಯಾರೂ ಇಟ್ಟಿಲ್ಲ. ಕೊರತೆ ಇರುವುದು ಅಲ್ಲಿ ಎಂದು ನನ್ನ ಅಭಿಪ್ರಾಯ.

ಈ ಮಾತು ಪರದೇಶದಿಂದ ಬಂದ ಹೊಸ ಸರಕೇನೂ ಅಲ್ಲ. 1979ರಿಂದ 1984ರವರೆಗೆ ಎನ್. ಎಸ್. ಪ್ರಭು ಅವರು ಬೆಂಗಳೂರಿನ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯ ಆಸರೆಯಲ್ಲಿ ದಕ್ಷಿಣ ಭಾರತದ ಕೆಲವು ಸಾಮಾನ್ಯ ಶಾಲೆಗಳಲ್ಲಿ ಒಂದು ಪ್ರಯೋಗ ನಡೆಸಿದರು. ವ್ಯಾಕರಣದ ಪಾಠಪಟ್ಟಿಯನ್ನು ಬದಿಗಿಟ್ಟು ಮಕ್ಕಳಿಗೆ ನಕ್ಷೆ, ರೈಲಿನ ವೇಳಾಪಟ್ಟಿ ಮುಂತಾದವನ್ನು ಕೊಟ್ಟು, ಬಿಡಿಸಬೇಕಾದ ಸಮಸ್ಯೆಗಳನ್ನು ಒಡ್ಡಿದರು. ಮನಸ್ಸು ಅರ್ಥದ ಮೇಲಿದ್ದಾಗ ಭಾಷೆಯ ರಚನೆ ತಾನಾಗಿ ಒಳಗಿಳಿಯುತ್ತದೆಂಬುದು ಅವರ ತರ್ಕ. 1987ರಲ್ಲಿ ಅವರು ಬರೆದ ಪುಸ್ತಕವನ್ನು ಜಗತ್ತಿನ ಭಾಷಾಶಿಕ್ಷಕರೆಲ್ಲ ಓದಿದರು. ಇಂಗ್ಲಿಷ್ ಶಿಕ್ಷಕರ ತರಬೇತಿಗೆಂದೇ 1958ರಲ್ಲಿ ಕೇಂದ್ರ ಸಂಸ್ಥೆಯೊಂದು ಹುಟ್ಟಿ, ಈಗ ವಿಶ್ವವಿದ್ಯಾಲಯವಾಗಿರುವುದು ಇದೇ ಹೈದರಾಬಾದಿನಲ್ಲಿ. ಅಲ್ಲಿಂದ ದಿಲ್‌ಸುಖ್‌ನಗರದ ಗಲ್ಲಿಗಳಿಗೆ ದಾರಿ ಇನ್ನೂ ಬಿದ್ದಿಲ್ಲ ಎಂದರೆ ಅತಿಶಯೋಕ್ತಿಯಾಗದು.

ನಮ್ಮ ಭಾನುವಾರದ ಗುಂಪು ಕೈಗೆತ್ತಿಕೊಂಡ ಕೆಲಸ ಸಣ್ಣದು: ಈ ಬಡಾವಣೆಗೆ ಹೊಸದಾಗಿ ಬರುವ ವಿದ್ಯಾರ್ಥಿಗೆ ಒಂದು ಕೈಪಿಡಿ. ಕೊಠಡಿಯ ಸಂಗಾತಿಗಳಲ್ಲಿ ತೆಲುಗರು, ಒಡಿಯಾದವರು, ಮರಾಠಿಯವರು ಇರುವುದರಿಂದ ಅದು ಇಂಗ್ಲಿಷಿನಲ್ಲಿಯೇ ಇರಬೇಕಾಯಿತು. ಇದನ್ನು ನಾನು ಹೇರಲಿಲ್ಲ. ಮಹಾತ್ಮಾ ಗಾಂಧಿ ಬಸ್ ನಿಲ್ದಾಣದಲ್ಲಿ ಇಳಿದವನು ಎಲ್.ಬಿ. ನಗರದ ಕಡೆಯ ಮೆಟ್ರೋ ಹತ್ತಿ, ಮಲಕ್‌ಪೇಟೆ, ನ್ಯೂ ಮಾರ್ಕೆಟ್, ಮೂಸಾರಾಂಬಾಗ್ ದಾಟಿ ಇಳಿಯಬೇಕು ಎಂಬಷ್ಟನ್ನು ಬರೆಯುವುದು ಸುಲಭವಾಗಿತ್ತು. ಕಷ್ಟ ಬಂದದ್ದು ಹಾಸ್ಟೆಲಿನ ಕರಾರುಪತ್ರದಲ್ಲಿ. ಮುಂಗಡ ಹಣವನ್ನು ಹಿಂದಿರುಗಿಸಲಾಗುವುದು ಎಂದು ಹುಡುಗರೆಲ್ಲ ನಂಬಿದ್ದರು. ಕಾಗದದಲ್ಲಿದ್ದ ಕ್ರಿಯಾಪದ ‘ವಿಲ್’ ಅಲ್ಲ, ‘ಮೇ’. ಹಿಂದಿರುಗಿಸಲೂಬಹುದು, ಇಲ್ಲದೆಯೂ ಇರಬಹುದು! ಎರಡು ತಿಂಗಳ ಬಾಡಿಗೆಯಷ್ಟು ಹಣ ಆ ಒಂದು ಪದದ ಮೇಲೆ ನಿಂತಿತ್ತು. ಆ ದಿನ ಸಹಾಯಕ ಕ್ರಿಯಾಪದಗಳ ಬಗ್ಗೆ ನಡೆದಷ್ಟು ಬಿರುಸಿನ ಚರ್ಚೆಯನ್ನು ನಾನು ಯಾವ ಕಾಲೇಜಿನಲ್ಲಿಯೂ ಕಂಡಿಲ್ಲ. ಚರ್ಚೆ ನಡೆದದ್ದು ಅಪ್ಪಟ ಬೀದರಿನ ಕನ್ನಡದಲ್ಲಿ ಎಂಬುದನ್ನೂ ಹೇಳಬೇಕು.

ಕನ್ನಡವನ್ನು ಹೊರಗಿಟ್ಟು ಇಂಗ್ಲಿಷ್ ಕಲಿಸುವ ಹಟ ನನಗೆ ಅರ್ಥವಾಗುವುದಿಲ್ಲ. ‘ನಿನ್ನೆ ಬಂದಿದ್ದೆ’ ಎಂಬ ನಮ್ಮ ಸಹಜ ಮಾತನ್ನು ಹುಡುಗ ‘ಐ ಹ್ಯಾಡ್ ಕಮ್ ಯೆಸ್ಟರ್‌ಡೇ’ ಎಂದು ಇಳಿಸುತ್ತಾನೆ. ಅದು ಅವನ ದಡ್ಡತನವಲ್ಲ, ಕನ್ನಡದ ಕ್ರಿಯಾರೂಪದ ನೆರಳು. ಎರಡೂ ಭಾಷೆಗಳನ್ನು ಮುಂದಿಟ್ಟರೆ ಐದು ನಿಮಿಷದಲ್ಲಿ ತಿಳಿಯುವ ಭೇದವನ್ನು ದಂಡ ಹಾಕಿ ಕಲಿಸಲಾಗದು.

ಅಂತರಜಾಲದ ಸಾಮಗ್ರಿಯ ಬಗ್ಗೆಯೂ ಇದೇ ಮಾತು. ಬಿಬಿಸಿಯ ಪಾಠಗಳು, ಬ್ರಿಟಿಷ್ ಕೌನ್ಸಿಲಿನ ಪಾಠಗಳು, 2017ರಲ್ಲಿ ಆರಂಭವಾದ ದೀಕ್ಷಾ, ಎಲ್ಲವೂ ಕೈಯಲ್ಲಿರುವ ಫೋನಿಗೇ ಬರುತ್ತವೆ. ಇವುಗಳಲ್ಲಿ ಬಹುಪಾಲಿಗೆ ಕಾಸು ಬೇಕಿಲ್ಲ. ಆದರೆ ಉದ್ದೇಶವಿಲ್ಲದೆ ನೋಡುವವನಿಗೆ ಅವೂ ಇನ್ನೊಂದು ಗಿಳಿಪಾಠವೇ. ನಮ್ಮ ಹುಡುಗರಿಗೆ ಎಲ್ಲಕ್ಕಿಂತ ಹೆಚ್ಚು ಒದಗಿದ್ದು ‘ಅಲರ್’ ಎಂಬ ಕನ್ನಡ–ಇಂಗ್ಲಿಷ್ ನಿಘಂಟು. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ದುಡಿದು ಸಿದ್ಧಪಡಿಸಿದ, ಒಂದೂವರೆ ಲಕ್ಷ ಪದಗಳ ಈ ಭಂಡಾರ 2019ರಿಂದ ಅಂತರಜಾಲದಲ್ಲಿ ಎಲ್ಲರಿಗೂ ಮುಕ್ತವಾಗಿದೆ. ತರಬೇತಿ ಕೇಂದ್ರದ ಪಟ್ಟಿ ಇಂಗ್ಲಿಷಿನಿಂದ ಕನ್ನಡಕ್ಕೆ ಬರುತ್ತದೆ. ಹೇಳಬೇಕಾದ್ದು ಮನಸ್ಸಿನಲ್ಲಿರುವವನು ಕನ್ನಡದಿಂದ ಇಂಗ್ಲಿಷಿಗೆ ಹೋಗಬೇಕು. 1894ರಲ್ಲಿ ಕಿಟೆಲ್ ಅವರ ನಿಘಂಟು ಸಾಗಿದ್ದೂ ಆ ದಿಕ್ಕಿನಲ್ಲೇ ಎಂಬುದು ಸ್ವಾರಸ್ಯ.

ಈಗ ಯಂತ್ರವೇ ಕ್ಷಣದಲ್ಲಿ ಇಂಗ್ಲಿಷ್ ಬರೆದುಕೊಡುವಾಗ ಈ ಶ್ರಮವೇಕೆಂದು ಮಿತ್ರರೊಬ್ಬರು ಕೇಳಿದರು. ಹುಡುಗರೂ ಅದನ್ನು ಬಳಸಿದರು, ನಾನು ತಡೆಯಲಿಲ್ಲ. ಆದರೆ ಹಾಸ್ಟೆಲಿನ ಯಜಮಾನರ ಎದುರು ನಿಂತು ‘ಮೇ’ ತೆಗೆದು ‘ವಿಲ್’ ಬರೆಯಿರಿ ಎಂದು ಕೇಳಬೇಕಾದವನು ಹುಡುಗನೇ. ಒಂದು ಎಚ್ಚರಿಕೆ ಮಾತ್ರ ಅಗತ್ಯ. ಗುಂಪಿಗೆ ಕೆಲಸ ಒಪ್ಪಿಸಿ ಹಿರಿಯರು ಎದ್ದುಹೋದರೆ ಚುರುಕಾದ ಒಬ್ಬನೇ ಎಲ್ಲವನ್ನೂ ಬರೆದುಬಿಡುತ್ತಾನೆ, ಉಳಿದವರು ಚಹಾ ತರುತ್ತಾರೆ. ಗುಂಪುಗಳ ಬಗ್ಗೆ ಪ್ರಭು ಅವರಿಗೂ ಅನುಮಾನವಿತ್ತು. ಅವರ ಕ್ರಮದಲ್ಲಿ ಮೊದಲು ಇಡೀ ತರಗತಿಯೊಡನೆ ಒಂದು ಸಮಸ್ಯೆಯನ್ನು ಬಿಡಿಸಿ, ಅಂಥದೇ ಇನ್ನೊಂದನ್ನು ಪ್ರತಿಯೊಬ್ಬನೂ ತಾನೇ ಬಿಡಿಸಬೇಕಿತ್ತು. ನಾವೂ ಕೈಪಿಡಿಯ ಒಂದೊಂದು ಪುಟವನ್ನು ಒಬ್ಬೊಬ್ಬರಿಗೆ ಹಂಚಿದೆವು.

ನಮ್ಮ ಸಂಘಗಳು ರಾಜ್ಯೋತ್ಸವಕ್ಕೆ ಹಾಕುವ ಪೆಂಡಾಲಿನ ಖರ್ಚಿನಲ್ಲಿ ಹತ್ತನೆಯ ಒಂದು ಪಾಲೂ ಇದಕ್ಕೆ ಬೇಡ. ಭಾನುವಾರ ಬೆಳಗ್ಗೆ ಎರಡು ಗಂಟೆಗಳ ಕಾಲ ಒಂದು ಕೋಣೆ, ಮೂವರಿಗೊಂದು ಫೋನು, ಬ್ಯಾಂಕಿನಿಂದಲೋ ಶಾಲೆಯಿಂದಲೋ ನಿವೃತ್ತರಾದ ಒಬ್ಬ ಸದಸ್ಯರು ಸಾಕು. ಅವರಿಗೆ ಸೊಗಸಾದ ಇಂಗ್ಲಿಷ್ ಉಚ್ಚಾರಣೆ ಇರಬೇಕೆಂದಿಲ್ಲ. ಕರಾರುಪತ್ರ ಓದಲು ಬರಬೇಕು, ಹುಡುಗರ ಕನ್ನಡ ಕೇಳಿಸಿಕೊಳ್ಳುವ ತಾಳ್ಮೆ ಇರಬೇಕು. ಮುಂದಿನ ಬೇಸಿಗೆಗೆ ನಮ್ಮ ಗುಂಪು ಆಸ್ಪತ್ರೆಯ ಹೊರರೋಗಿ ಚೀಟಿಗಳನ್ನು ತೆಗೆದುಕೊಳ್ಳಲಿದೆ. ಊರಿನಿಂದ ಚಿಕಿತ್ಸೆಗೆಂದು ಇಲ್ಲಿಗೆ ಬರುವ ತಂದೆತಾಯಿಗಳಿಗೆ ಆ ಚೀಟಿ ಓದಿ ಹೇಳುವವರು ಇದೇ ಮಕ್ಕಳು.