ಮಾಲ್ಟಾ ದ್ವೀಪದಲ್ಲಿ ಹನ್ನೆರಡು ದಿನ

ಸೋದರಿಯರೇ, ನಾನೂ ನಮ್ಮ ವಾರಗಿತ್ತಿಯೂ ಮಾಲ್ಟಾಕ್ಕೆ ಹೋಗಿ ಬಂದೆವೆಂದು ಹಿಂದಿನ ಸಂಚಿಕೆಯಲ್ಲಿ ಒಂದೇ ಸಾಲು ಬರೆದಿದ್ದೆ. ಅಷ್ಟಕ್ಕೇ ಪತ್ರಗಳ ಮೇಲೆ ಪತ್ರ! "ಮಾಲ್ಟಾ ಅಂದ್ರೆ ಕಿತ್ತಳೆ ಹಣ್ಣಿನ ಜಾತಿ ಅಲ್ವೇನ್ರೀ?" ಎಂದು ಒಬ್ಬರು. "ಸಸ್ಯಾಹಾರಿಗಳು ಅಲ್ಲಿ ಏನು ತಿಂದಿರಿ?" ಎಂದು ಹಲವರು. ಚಿಂತಾಮಣಿಯ ಸೋದರಿಯೊಬ್ಬರು ನೇರವಾಗಿಯೇ ಕೇಳಿದ್ದಾರೆ: "ಸಮುದ್ರಕ್ಕೆ ಇಳಿದಿರಾ? ಇಳಿದಿದ್ದರೆ ಏನು ಉಟ್ಟುಕೊಂಡು?" ಕೇಳಬೇಕಾದ ಪ್ರಶ್ನೆಯೇ. ಎಲ್ಲಕ್ಕೂ ಉತ್ತರ ಕೊಡುತ್ತೇನೆ, ಸ್ವಲ್ಪ ತಾಳಿ.

ನಮ್ಮ ಭಾವನವರ ಮಗಳು ಅಲ್ಲಿನ ಒಂದು ವೃದ್ಧಾಶ್ರಮದಲ್ಲಿ ನರ್ಸ್. ಭಾವನವರು ತೀರಿಕೊಂಡು ನಾಲ್ಕು ವರ್ಷವಾಯಿತು. "ಅಮ್ಮ ಒಮ್ಮೆ ಬರಲೇಬೇಕು, ಚಿಕ್ಕಮ್ಮ, ಒಬ್ಬಳೇ ಬರೋಲ್ಲ ಅಂತಾಳೆ, ನೀವೂ ಬನ್ನಿ" ಎಂದು ಹುಡುಗಿ ಎರಡು ವರ್ಷ ಫೋನಿನಲ್ಲಿ ಕಾಡಿ, ಕೊನೆಗೆ ಟಿಕೆಟ್ಟನ್ನೇ ಕಳಿಸಿಬಿಟ್ಟಳು. ನಮ್ಮ ಬೀದಿಯಲ್ಲಿ ಮಾತು ಹುಟ್ಟಲು ಎಷ್ಟು ಹೊತ್ತು? "ಗಂಡ ಹೋದ ಮೇಲೆ ಸಮುದ್ರ ನೋಡೋ ಷೋಕಿ ಬಂತಂತೆ" ಎನ್ನುವುದು ಅಕ್ಕನ ಕಿವಿಗೂ ಬಿತ್ತು. ಅಕ್ಕ ಪೆಟ್ಟಿಗೆ ಕಟ್ಟುವುದನ್ನು ನಿಲ್ಲಿಸಿ ಎರಡು ದಿನ ಸುಮ್ಮನೆ ಕೂತಳು. ಮೂರನೆಯ ದಿನ ಎಂಬತ್ತು ದಾಟಿದ ನಮ್ಮತ್ತೆ ಒಂದು ಡಬ್ಬ ಮೆಂತ್ಯದ ಹಿಟ್ಟು ತಂದು ಆ ಪೆಟ್ಟಿಗೆಯಲ್ಲಿಟ್ಟು, "ಮುಚ್ಚಳ ಗಟ್ಟಿ ಇದೆಯಾ ನೋಡ್ಕೋ" ಎಂದರು. ಅಲ್ಲಿಗೆ ಹೊರಡುವುದು ನಿಶ್ಚಯವಾಯಿತು.

ಹೊರಡುವವರು ತಿಳಿದಿರಬೇಕಾದ ನಾಲ್ಕು ಮಾತು. ಮಾಲ್ಟಾಕ್ಕೆ ಷೆಂಗೆನ್ ವೀಸಾ ಬೇಕು. 2024ರ ಜೂನ್‌ನಿಂದ ಅದರ ಶುಲ್ಕ 90 ಯೂರೊ. ಕನಿಷ್ಠ 30,000 ಯೂರೊ ಮೊತ್ತದ ಆರೋಗ್ಯ ವಿಮೆ ಮಾಡಿಸದೆ ಅರ್ಜಿ ತೆಗೆದುಕೊಳ್ಳುವುದಿಲ್ಲ. ಪೆಟ್ಟಿಗೆಯಲ್ಲಿ ತುಪ್ಪ, ಪೇಡ, ಖೋವಾ ಇಡಬೇಡಿ. ಹಾಲಿನಿಂದ ಮಾಡಿದ್ದು ಯಾವುದನ್ನೂ ಯೂರೋಪಿನೊಳಗೆ ಬಿಡುವುದಿಲ್ಲ. ಹಸಿ ಕರಿಬೇವೂ ಬೇಡ, ಒಣಗಿಸಿ ಪುಡಿ ಮಾಡಿಕೊಳ್ಳಿ. ಚಟ್ನಿಪುಡಿ, ಸಾರಿನ ಪುಡಿ, ಹಪ್ಪಳಕ್ಕೆ ನಮಗೆ ಯಾರೂ ಅಡ್ಡಿ ಮಾಡಲಿಲ್ಲ. ಇನ್ನೊಂದು, ಅಲ್ಲಿನ ಪ್ಲಗ್ಗು ಇಂಗ್ಲೆಂಡಿನ ತರಹದ್ದು, ಚಪ್ಪಟೆ ಮೂರು ಕಡ್ಡಿ. ನಮ್ಮ ದುಂಡು ಕಡ್ಡಿಯ ಚಾರ್ಜರ್ ಹಿಡಿಸುವುದಿಲ್ಲ.

ದೇಶವೆಂದರೆ ಎಷ್ಟು ದೊಡ್ಡದು ಅಂತೀರಿ? ಮಾಲ್ಟಾ, ಗೋಜೊ, ಕೊಮಿನೊ ದ್ವೀಪಗಳೆಲ್ಲ ಸೇರಿ 316 ಚದರ ಕಿಲೋಮೀಟರು. ನಮ್ಮ ಬೆಂಗಳೂರು ನಗರದ ಅರ್ಧವೂ ಇಲ್ಲ! ಜನ ಐದು ಲಕ್ಷದ ಮೇಲೆ. ಇಟಲಿಯ ಸಿಸಿಲಿಗೆ ದಕ್ಷಿಣದಲ್ಲಿದೆ. 1964ರವರೆಗೆ ಬ್ರಿಟಿಷರ ಕೈಯಲ್ಲಿತ್ತು. ಹಾಗಾಗಿ ಬಸ್ಸು ನಮ್ಮಂತೆಯೇ ರಸ್ತೆಯ ಎಡಗಡೆ ಓಡುತ್ತದೆ, ಕೆಂಪು ಅಂಚೆ ಪೆಟ್ಟಿಗೆ ಈಗಲೂ ನಿಂತಿದೆ, ಇಂಗ್ಲಿಷ್ ಎಲ್ಲರಿಗೂ ಬರುತ್ತದೆ. ಅವರದೇ ಭಾಷೆ ಅರಬ್ಬಿಯ ಬುಡದ್ದು, ಬರೆಯುವುದು ಮಾತ್ರ ಇಂಗ್ಲಿಷ್ ಅಕ್ಷರದಲ್ಲಿ. ನೀರಿಗೆ ಇಲ್ಮಾ, ಬ್ರೆಡ್ಡಿಗೆ ಹೊಬ್ಸ್. ನೀರು ಎಂದಾಗ ನೆನಪಾಯಿತು. ಆ ದ್ವೀಪದಲ್ಲಿ ಒಂದು ನದಿಯೂ ಇಲ್ಲ. ಕುಡಿಯುವ ನೀರಿನಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಸಮುದ್ರದ ಉಪ್ಪು ತೆಗೆದು ಮಾಡುತ್ತಾರೆ. ನಲ್ಲಿ ನೀರಲ್ಲಿ ಕಾಫಿ ಮಾಡಿದರೆ ಏನೋ ಒಗರು. ದಿನ ಬಿಟ್ಟು ದಿನ ನಲ್ಲಿ ಬರುವ ಊರಿನವರಾದ ನಾವು, ಆದರೂ ತಿರುಗಿಸಿದಾಗಲೆಲ್ಲ ಬರುತ್ತದಲ್ಲ ಎಂದು ಖುಷಿಪಟ್ಟೆವು.

ಈಗ ಸಮುದ್ರ. ಮಾಲ್ಟಾದ ತೀರವೆಲ್ಲ ಮರಳು ಎಂದುಕೊಂಡು ಹೋಗಬೇಡಿ. ಬಹುಪಾಲು ಬಂಡೆ. ಈಜು ಬಲ್ಲವರು ಬಂಡೆಗೆ ಹಾಕಿದ ಕಬ್ಬಿಣದ ಏಣಿ ಹಿಡಿದು ಸೀದಾ ಆಳದ ನೀರಿಗೆ ಇಳಿಯುತ್ತಾರೆ. ನಮ್ಮಂಥವರಿಗೆ ತಕ್ಕದ್ದು ಮೆಲ್ಲೀಹಾ ಊರಿನ ಕೆಳಗಿರುವ ಆದೀರಾ ತೀರ. ಅಲ್ಲಿನ ಮರಳು ತೀರಗಳಲ್ಲಿ ಅದೇ ಉದ್ದದ್ದು. ಎಷ್ಟೋ ದೂರ ನಡೆದರೂ ನೀರು ಸೊಂಟ ದಾಟುವುದಿಲ್ಲ. ನಮ್ಮ ಮಂಗಳೂರು, ಕಾರವಾರದ ಹಾಗೆ ಅಬ್ಬರದ ಅಲೆ ಇಲ್ಲ, ಉಬ್ಬರ ಇಳಿತವೂ ಇಲ್ಲವೆನ್ನುವಷ್ಟು ಕಡಿಮೆ. ಸೆಪ್ಟೆಂಬರಿನಲ್ಲಿ ನೀರು ಬೆಚ್ಚಗಿರುತ್ತದೆ, ಬಿಸಿಲು ತಲೆ ಸುಡುವುದಿಲ್ಲ. ಜುಲೈ, ಆಗಸ್ಟಿನಲ್ಲಿ ಜನಜಂಗುಳಿ, ಬಾಡಿಗೆಯೂ ಜಾಸ್ತಿ.

ಉಡುಪಿನ ಮಾತು. ಸೀರೆಯಲ್ಲಿ ಸಮುದ್ರಕ್ಕೆ ಇಳಿಯಬೇಡಿ, ಇದನ್ನು ಮಾನದ ಮಾತಾಗಿ ಹೇಳುತ್ತಿಲ್ಲ, ಪ್ರಾಣದ ಮಾತಾಗಿ ಹೇಳುತ್ತಿದ್ದೇನೆ. ಹತ್ತಿ ಸೀರೆ ನೀರು ಕುಡಿದು ಭಾರವಾಗಿ ಕಾಲಿಗೆ ಸುತ್ತಿಕೊಳ್ಳುತ್ತದೆ. ತುಂಬುತೋಳು, ಮೊಣಕಾಲಿನ ಕೆಳಗಿನವರೆಗೆ ಬರುವ ಈಜುಡುಪು ನಮ್ಮ ದೊಡ್ಡ ಊರುಗಳಲ್ಲೇ ಸಿಗುತ್ತದೆ. ನೀರು ಹೀರುವುದಿಲ್ಲ, ಬೇಗ ಒಣಗುತ್ತದೆ. ಹುಡುಗಿ ನಮ್ಮಿಬ್ಬರಿಗೂ ಅಂಥದ್ದೇ ತಂದಿಟ್ಟಿದ್ದಳು. ಅಲ್ಲಿ ಎಳೆಯ ಹುಡುಗಿಯರು ತೊಡುವುದು ಎರಡು ತುಂಡು ಬಟ್ಟೆ, ನಿಜ. ಆದರೆ ಮೇಲುಡುಪು ತೆಗೆದು ಬಿಸಿಲು ಕಾಯುವುದಕ್ಕೆ ಆ ದೇಶದಲ್ಲಿ ಅನುಮತಿ ಇಲ್ಲ. ನಾವು ಮೈಮುಚ್ಚಿ ನಿಂತರೆ ಯಾರಾದರೂ ತಿರುಗಿ ನೋಡಿದರಾ? ಒಬ್ಬರೂ ಇಲ್ಲ.

ಅಕ್ಕ ಮೊದಲ ದಿನ ದಡದ ಕೊಡೆಯಡಿ ಕೂತು ಪಾದ ಮಾತ್ರ ತೋಯಿಸಿದಳು. "ನೀನು ಹೋಗಿ ಬಾ, ನಾನು ಚಪ್ಪಲಿ ಕಾಯ್ತೀನಿ" ಅಂದಳು. ಅಷ್ಟು ದೂರ ಬಂದು ಚಪ್ಪಲಿ ಕಾಯುವುದೇ? ನೀರಿನಲ್ಲಿ ಅರವತ್ತು ಎಪ್ಪತ್ತರ ಅಜ್ಜಿಯರ ಒಂದು ಗುಂಪಿತ್ತು. ತಲೆಗೆ ಹುಲ್ಲಿನ ಟೋಪಿ, ಎದೆಮಟ್ಟ ನೀರು. ಈಜುವುದೂ ಇಲ್ಲ, ಗೀಜುವುದೂ ಇಲ್ಲ, ನಿಂತಲ್ಲೇ ಗಂಟೆಗಟ್ಟಲೆ ಹರಟೆ. ನಮ್ಮ ಬೀದಿ ನಲ್ಲಿಯೇ ಸಮುದ್ರಕ್ಕೆ ಬಂದ ಹಾಗೆ! ಮರುದಿನ ಅಕ್ಕ ಅವರನ್ನೇ ನೋಡುತ್ತಾ ನೋಡುತ್ತಾ ಎದ್ದಳು. ಮಗಳ ಒಂದು ಕೈ, ನನ್ನ ಒಂದು ಕೈ ಹಿಡಿದು ಮೊಣಕಾಲು, ಸೊಂಟ, ಎದೆ ಎಂದು ಇಳಿದಳು. ಎದೆಮಟ್ಟದಲ್ಲಿ ಇಬ್ಬರ ಕೈಯನ್ನೂ ಬಿಟ್ಟಳು. ಆಮೇಲೆ ಊಟಕ್ಕೆ ಕರೆದರೂ ಮೇಲೆ ಬರಲಿಲ್ಲ.

ಒಂದು ಎಚ್ಚರಿಕೆ. ದಡದ ಬಾವುಟ ನೋಡದೆ ನೀರಿಗೆ ಕಾಲಿಡಬೇಡಿ. ಕೆಂಪು ಹಾರಿದರೆ ಇಳಿಯಬಾರದು. ನೇರಳೆ ಹಾರಿದರೆ ಚುರುಗುಟ್ಟಿಸುವ ಜೆಲ್ಲಿ ಮೀನು ಬಂದಿದೆ ಎಂದರ್ಥ.

ಕೊಮಿನೊ ದ್ವೀಪದ ನೀಲಿ ಕೊಳದ ಚಿತ್ರವನ್ನು ಎಲ್ಲ ಪ್ರವಾಸದ ಪುಸ್ತಕದಲ್ಲೂ ಹಾಕುತ್ತಾರೆ. ನೀರಿನ ಬಣ್ಣ ಚಿತ್ರದಲ್ಲಿದ್ದಂತೆಯೇ, ಸುಳ್ಳಲ್ಲ. ಆದರೆ ಜನ! ನೂಕುನುಗ್ಗಲು ತಡೆಯಲು 2025ರಿಂದ ಮೊದಲೇ ಹೆಸರು ಬರೆಸಿ ಹೋಗುವ ಪದ್ಧತಿ ತಂದರು. ನನಗೆ ಅದಕ್ಕಿಂತ ಹಿಡಿಸಿದ್ದು ಗೋಜೊ ದ್ವೀಪದ ರಮ್ಲಾ ತೀರ. ಅಲ್ಲಿನ ಮರಳು ನಮ್ಮ ಕೆಮ್ಮಣ್ಣಿನ ಬಣ್ಣ. ಹಡಗಿನಲ್ಲಿ ಇಪ್ಪತ್ತೈದು ನಿಮಿಷದ ದಾರಿ. ಹೋಗುವಾಗ ಹಣ ಕೇಳುವುದಿಲ್ಲ, ಹಿಂತಿರುಗುವಾಗ ಎರಡಕ್ಕೂ ಸೇರಿಸಿ ತೆಗೆದುಕೊಳ್ಳುತ್ತಾರೆ. ಹಿಂತಿರುಗದೆ ಎಲ್ಲಿ ಹೋಗುತ್ತಾರೆ ಎಂಬ ಧೈರ್ಯ ಇರಬೇಕು! ಸ್ಲೀಮಾ ಊರಿನ ಬಂಡೆಗಳಲ್ಲಿ ಚೌಕಾಕಾರದ ತೊಟ್ಟಿಗಳನ್ನು ನೋಡಲು ಮರೆಯಬೇಡಿ. 19ನೇ ಶತಮಾನದಲ್ಲಿ ದೊಡ್ಡ ಮನೆತನದ ಹೆಂಗಸರು ಸಮುದ್ರಸ್ನಾನ ಮಾಡಲೆಂದು ಕೊರೆದವು. ಸುತ್ತ ಬಂಡೆಯಲ್ಲಿ ತೂತುಗಳಿವೆ. ಕೋಲು ನೆಟ್ಟು ಮೇಲೆ ಬಟ್ಟೆ ಕಟ್ಟಲು ಅವು. ಮರೆಯ ಚಿಂತೆ ನಮಗೊಬ್ಬರಿಗೇ ಇದ್ದದ್ದಲ್ಲ ಅನ್ನಿ.

ಊಟದ ವಿಷಯ. ಮೊಲದ ಮಾಂಸ ಅವರ ಹಬ್ಬದೂಟ, ಮೀನು ಎಲ್ಲೆಲ್ಲೂ. ಆದರೂ ನಾವು ಉಪವಾಸ ಬೀಳಲಿಲ್ಲ. ಬೀದಿ ಬೀದಿಯಲ್ಲಿ ಪಸ್ತಿತ್ಸಿ ಎಂಬ ಪದರು ಪದರಿನ ತಿಂಡಿ ಸಿಗುತ್ತದೆ. ಒಳಗೆ ಬಟಾಣಿ ಅಥವಾ ಪನ್ನೀರಿನಂಥ ರಿಕೊತ್ತಾ. ಒಂದಕ್ಕೆ ಒಂದು ಯೂರೊಗಿಂತ ಕಡಿಮೆ, ಎರಡು ತಿಂದರೆ ಹೊಟ್ಟೆ ತುಂಬಿತು. ಕೆಲವರು ಹಿಟ್ಟಿಗೆ ಹಂದಿಯ ಕೊಬ್ಬು ಹಾಕುವುದುಂಟು. ಕೇಳಿಯೇ ಕೊಳ್ಳಿ, ಸಂಕೋಚ ಬೇಡ. ಬಳೆಯಂತಿರುವ ಅವರ ಫ್ತೀರಾ ಬ್ರೆಡ್ಡು 2020ರಲ್ಲಿ ಯುನೆಸ್ಕೊ ಪಟ್ಟಿ ಸೇರಿತು. ಅದನ್ನು ಸೀಳಿ ಟೊಮೆಟೊ ಉಜ್ಜಿ, ಆಲಿವ್ ಎಣ್ಣೆ ಸುರಿದು, ಉಪ್ಪಿನಲ್ಲಿ ಹಾಕಿದ ಮೊಗ್ಗು, ಆಲಿವ್ ಕಾಯಿ ತುಂಬುತ್ತಾರೆ. "ಟ್ಯೂನಾ ಬೇಡ" ಅನ್ನಿ, ಅದು ಮೀನು. ಬಿಜಿಲ್ಲಾ ಎಂದರೆ ಒಣ ಅವರೆಯಂಥ ಕಾಳು ಬೇಯಿಸಿ ಬೆಳ್ಳುಳ್ಳಿ, ಮೆಣಸಿನಕಾಯಿ ಹಾಕಿ ಅರೆದದ್ದು. ಅತ್ತೆಯ ಮೆಂತ್ಯದ ಹಿಟ್ಟನ್ನು ಅದರ ಮೇಲೆ ಉದುರಿಸಿ ತಿಂದೆವು, ಬಹಳ ಚೆನ್ನಾಗಿತ್ತು! ಖರ್ಜೂರದ ಹೂರಣ ತುಂಬಿ ಎಣ್ಣೆಯಲ್ಲಿ ಕರಿದ ಇಮ್ಆರೆತ್ ನಮ್ಮ ಕರಿಗಡುಬಿನ ತಂಗಿ. ಕಿನ್ನಿ ಎಂಬ ಕಹಿ ಕಿತ್ತಳೆಯ ಪಾನೀಯ ಮಾತ್ರ ನನಗೆ ಗಂಟಲಿಳಿಯಲಿಲ್ಲ, ಅಕ್ಕ ಎರಡು ಬಾಟ್ಲಿ ಕುಡಿದಳು. ಅಕ್ಕಿ, ಬೇಳೆಗೆ ತೊಂದರೆಯಿಲ್ಲ. 19ನೇ ಶತಮಾನದ ಕೊನೆಯಿಂದಲೇ ಸಿಂಧಿ ವ್ಯಾಪಾರಿಗಳು ಅಲ್ಲಿದ್ದಾರೆ, ಈಗಂತೂ ನಮ್ಮ ದೇಶದ ನರ್ಸುಗಳು, ಡ್ರೈವರುಗಳು ಬಹಳ. ಹೋಟೆಲಿನಲ್ಲಿ ಒಬ್ಬರು ಒಂದು ಹೊತ್ತು ಉಣ್ಣುವ ಹಣಕ್ಕೆ ಮನೆಯಲ್ಲಿ ಮೂವರಿಗೆ ಎರಡು ದಿನ ಅಡುಗೆಯಾಗುತ್ತದೆ.

"ರಾತ್ರಿಯ ಮಜಾ ನೋಡದೆ ಹೋಗೋಕಾಗುತ್ತಾ ಚಿಕ್ಕಮ್ಮ?" ಎಂದು ಹುಡುಗಿ ಒಂದು ಶನಿವಾರ ಹನ್ನೊಂದು ಗಂಟೆಗೆ ಸೇಂಟ್ ಜೂಲಿಯನ್ಸ್‌ನ ಪಾಚೆವಿಲ್‌ಗೆ ಕರೆದುಕೊಂಡು ಹೋದಳು. ಒಂದಕ್ಕೊಂದು ಅಂಟಿಕೊಂಡ ಕ್ಲಬ್ಬುಗಳು. ಪ್ರತಿಯೊಂದರಿಂದಲೂ ಬೇರೆ ಬೇರೆ ಹಾಡು, ಎದೆ ನಡುಗುವ ಸದ್ದು. ಅಲ್ಲಿ ಹದಿನೇಳು ತುಂಬಿದವರು ಕುಡಿಯಬಹುದು ಎಂಬುದು ಕಾನೂನು. ಕುಣಿಯುವವರು ಕುಣಿಯಲಿ, ನನ್ನ ತಕರಾರಿಲ್ಲ. ಆದರೆ ಒಡೆದ ಗಾಜಿನ ಮೇಲೆ ಬರಿಗಾಲಲ್ಲಿ, ಚಪ್ಪಲಿ ಕೈಯಲ್ಲಿ ಹಿಡಿದು ನಡೆಯುತ್ತಿದ್ದ ಹುಡುಗಿಯನ್ನು ಕಂಡು ಹೊಟ್ಟೆ ಚುರ್ ಎಂದಿತು. ಹದಿನೈದು ನಿಮಿಷಕ್ಕೆ ಹೊರಬಿದ್ದೆವು. ನಮ್ಮ ಹುಡುಗಿ ರಾತ್ರಿ ಪಾಳಿ ಮುಗಿಸಿ ಒಬ್ಬಳೇ ಬರುತ್ತಾಳೆ. ಭಯವಿಲ್ಲವೇ ಎಂದರೆ, ದೊಡ್ಡ ರಸ್ತೆಯಲ್ಲಿ ಇಲ್ಲ ಅಂದಳು. 2022ರ ಜನವರಿಯಲ್ಲಿ ಸ್ಲೀಮಾದ ಉದ್ಯಾನವೊಂದರಲ್ಲಿ ಯುವತಿಯ ಕೊಲೆಯಾದ ಮೇಲೆ ಒಳದಾರಿಗಳಲ್ಲಿ ಹೋಗುವುದನ್ನು ಬಿಟ್ಟಿದ್ದಾಳೆ. ಅಕ್ಕ ಏನೂ ಹೇಳಲಿಲ್ಲ, ಆ ವಾರವೆಲ್ಲ ಮಗಳು ಬರುವವರೆಗೆ ಮಲಗಲೂ ಇಲ್ಲ.

ನಿಜವಾದ ರಾತ್ರಿಯ ಸೊಗಸು ಬೇರೆಡೆ ಇದೆ. ಸ್ಲೀಮಾದ ಸಮುದ್ರದಂಚಿನ ಕಾಲುದಾರಿಗೆ ಸಂಜೆಯಾದರೆ ಮನೆಮಂದಿಯೆಲ್ಲ ಮಡಿಸುವ ಕುರ್ಚಿ ಹಿಡಿದು ಬರುತ್ತಾರೆ. ಬುತ್ತಿ ಬಿಚ್ಚುತ್ತಾರೆ. ಅಜ್ಜಿಯರು ಹನ್ನೊಂದು, ಹನ್ನೆರಡರವರೆಗೆ ಗಾಳಿಗೆ ಕೂರುತ್ತಾರೆ. ನಮ್ಮಲ್ಲಿ ಎಂಟಕ್ಕೆ ಬಾಗಿಲು ಹಾಕಿಕೊಂಡು ಟಿ.ವಿ. ಮುಂದೆ ಕೂರುತ್ತೇವಲ್ಲ!

ಅಲ್ಲಿಯ ಜಾತ್ರೆಗೆ ಫೆಸ್ತಾ ಎನ್ನುತ್ತಾರೆ. ಬೇಸಿಗೆಯಲ್ಲಿ ಹೆಚ್ಚು ಕಡಿಮೆ ವಾರಕ್ಕೊಂದು ಊರಿನದು. ಸೆಪ್ಟೆಂಬರ್ 8 ಅವರಿಗೆ ವಿಜಯದ ದಿನ, 1565ರಲ್ಲಿ ತುರ್ಕರ ಮುತ್ತಿಗೆ ತೆರವಾದ ನೆನಪು. ಅಂದೇ ಮೇರಿ ಮಾತೆಯ ಹುಟ್ಟುಹಬ್ಬ, ಮೆಲ್ಲೀಹಾದ ಫೆಸ್ತಾ. ಬೀದಿಗೆಲ್ಲ ಬಾವುಟ, ದೀಪ, ಬ್ಯಾಂಡಿನವರು, ಕಡಲೆಮಿಠಾಯಿಯಂಥ ನುಗ್ಗಾ ಮಾರುವ ಗಾಡಿಗಳು. ಪಟಾಕಿಯಂತೂ ಕಿವಿಗೆ ಹತ್ತಿ ಇಟ್ಟುಕೊಳ್ಳುವಷ್ಟು. ವಿಗ್ರಹವನ್ನು ಗಂಡಸರು ಹೆಗಲ ಮೇಲೆ ಹೊತ್ತು ತಂದರು. ನಮ್ಮೂರ ತೇರಿಗೆ, ಮದುವೆಗೆ, ಆರತಿಗೆ ನಾಲ್ಕು ವರ್ಷದಿಂದ ಅಕ್ಕ ಹಿಂದೆಯೇ ನಿಲ್ಲುವವಳು. ಯಾರೂ ಹೇಳುವುದಿಲ್ಲ, ಆದರೂ ನಿಲ್ಲುತ್ತಾಳೆ. ಅಲ್ಲಿಯೂ ಗೋಡೆಗೆ ಒತ್ತಿ ನಿಂತಿದ್ದಳು. ಜನ ತಳ್ಳಿದ ರಭಸಕ್ಕೆ ಮುಂದಿನ ಸಾಲಿಗೇ ಬಂದುಬಿಟ್ಟಳು. ಮಾಳಿಗೆಯಿಂದ ಸುರಿದ ಬಣ್ಣದ ಕಾಗದದ ಚೂರೆಲ್ಲ ಅವಳ ತಲೆಯ ಮೇಲೆ. ನಾನು ಕೊಡವಲು ಹೋದೆ. "ಇರಲಿ ಬಿಡೆ" ಅಂದಳು.

ಹುಡುಗಿಯ ಮನೆಯ ಒಡತಿ ಕೆಳಗಿನ ಮನೆಯಲ್ಲಿರುವ ಮುದುಕಿ. ನಾವು ಹೊರಡುವ ಮುಂಚಿನ ದಿನ ಮಾಂಸವಿಲ್ಲದ್ದೆಂದು ಹೇಳಿ ಒಂದು ಪಾತ್ರೆ ಬಿಸಿ ಬಿಸಿ ಸಾರು ತಂದಳು. ಹೆಸರು ಸೊಪ್ಪ ತಲ್ ಅರ್ಮ್ಲಾ. "ಸೊಪ್ಪಿನ ಸಾರಾ?" ಎಂದಳು ಅಕ್ಕ. ಅಲ್ಲ, ವಿಧವೆಯ ಸಾರು ಎಂದರ್ಥ! ಮಗಳು ಹೇಳಲೋ ಬೇಡವೋ ಎಂದು ತಡವರಿಸಿ ಹೇಳಿದಳು. ಅಕ್ಕ ಸೌಟು ಕೆಳಗಿಟ್ಟು, ಆ ಹೆಸರು ಯಾಕೆ ಕೇಳು ಎಂದಳು. ಹಿಂದೆ ಬಡ ವಿಧವೆಗೆ ಅಕ್ಕಪಕ್ಕದವರು ತಮ್ಮ ಹಿತ್ತಲಿನ ಒಂದೊಂದು ತರಕಾರಿ ಕೊಡುತ್ತಿದ್ದರಂತೆ, ಬಂದದ್ದನ್ನೆಲ್ಲ ಒಟ್ಟಿಗೆ ಬೇಯಿಸಿದರೆ ಈ ಸಾರು ಎಂದಳು ಮುದುಕಿ. ಅವಳ ಗಂಡ ಹೋಗಿಯೂ ಬಹಳ ವರ್ಷವಾಗಿದೆ. "ನಮ್ಮಲ್ಲಿ ತರಕಾರಿ ಕೊಡಲ್ಲ, ಮಾತು ಕೊಡ್ತಾರೆ" ಎಂದು ಅಕ್ಕ ಕನ್ನಡದಲ್ಲೇ ಅಂದು, ಎರಡು ಸಲ ಹಾಕಿಸಿಕೊಂಡಳು. ಆ ಮಾತನ್ನು ಹುಡುಗಿ ಇಂಗ್ಲಿಷಿಗೆ ತಿರುಗಿಸಲಿಲ್ಲ.

ಮಾಡುವ ವಿಧಾನ ಬರೆದುಕೊಂಡು ಬಂದಿದ್ದೇನೆ. ನಾಲ್ವರಿಗೆ ಎರಡು ಈರುಳ್ಳಿ, ಮೂರು ಎಸಳು ಬೆಳ್ಳುಳ್ಳಿ ಹೆಚ್ಚಿ ಎರಡು ಚಮಚ ಎಣ್ಣೆಯಲ್ಲಿ ಕೆಂಪಾಗದಂತೆ ಬಾಡಿಸಿ. ಎರಡು ಆಲೂಗಡ್ಡೆ, ಒಂದು ನವಿಲುಕೋಸು, ಒಂದು ಕ್ಯಾರೆಟ್ ದಪ್ಪ ಹೋಳು ಮಾಡಿ ಹಾಕಿ. ಎರಡು ಹಣ್ಣು ಟೊಮೆಟೊ ಹಿಸುಕಿ ಸೇರಿಸಿ. ಆರು ಲೋಟ ನೀರು, ಉಪ್ಪು ಹಾಕಿ ಹದಿನೈದು ನಿಮಿಷ ಬೇಯಿಸಿ, ಆಮೇಲೆ ಅರ್ಧ ಹೂಕೋಸು, ಒಂದು ಬಟ್ಟಲು ಹಸಿ ಬಟಾಣಿ. ಅವರು ಕೊನೆಗೆ ಮೊಟ್ಟೆ ಒಡೆದು ಬಿಡುತ್ತಾರೆ, ನಾವು ಬಿಟ್ಟೆವು. ಜ್ಬೇನಾ ಎಂಬ ಕುರಿಹಾಲಿನ ಪುಟ್ಟ ಗಿಣ್ಣಿನ ಬದಲು ಮನೆಯಲ್ಲೇ ಒಡೆಸಿದ ಪನ್ನೀರನ್ನು ಉಂಡೆ ಕಟ್ಟಿ ಇಳಿಸುವ ಮೊದಲು ಹಾಕಿ. ಮೇಲೆ ಕಾಳುಮೆಣಸಿನ ಪುಡಿ. ಹುಣಿಸೆಹಣ್ಣು, ಸಾರಿನ ಪುಡಿ ಹಾಕಲು ಕೈ ತುರಿಸುತ್ತದೆ, ಹಾಕಬೇಡಿ. ಉಳಿದರೆ ಮಾರನೆಯ ದಿನ ಗಟ್ಟಿಯಾಗಿರುತ್ತದೆ, ಚಪಾತಿಗೆ ಆಗುತ್ತದೆ.