ಹತ್ತು ರೂಪಾಯಿಯ ತಂಬೋಲ

ಹೊರಮಾವಿನಲ್ಲಿ ನಾವು ಹೆಂಗಸರು ಹಬ್ಬಕ್ಕೆ ಸೇರಿ ತಂಬೋಲ ಆಡಿದರೆ ಕೆಲವು ಗಂಡಸರು ಮೂಗು ಮುರಿಯುತ್ತಾರೆ: "ಗೆಲ್ಲುವ ಭರವಸೆಯಿಲ್ಲದ ಆಟಕ್ಕೆ ದುಡ್ಡು ಯಾಕೆ ದಂಡ?"

ಲೆಕ್ಕ ನಮಗೂ ಬರುತ್ತದೆ. ಅರವತ್ತು ಚೀಟಿ ಮಾರಿದರೆ 'ಫುಲ್ ಹೌಸ್' ನನ್ನದಾಗುವ ಸಂಭವ ಅರವತ್ತಕ್ಕೆ ಒಂದು. ಆದರೆ ಚೀಟಿಯ ಹಣವೆಲ್ಲ ಬಹುಮಾನವಾಗಿ ನಮ್ಮ ನಮ್ಮಲ್ಲೇ ಹಂಚಿಕೆಯಾಗುತ್ತದೆ.

ಪರದೇಶದ ಕ್ಯಾಸಿನೋಗಳ ಕೀನೋ ನೋಡಿ. 80 ಸಂಖ್ಯೆಗಳಲ್ಲಿ 20 ಎತ್ತುತ್ತಾರೆ. ನೀವು ಗುರುತು ಹಾಕಿದ ಹತ್ತಕ್ಕೆ ಹತ್ತೂ ಬರುವ ಸಂಭವ ಸುಮಾರು 89 ಲಕ್ಷಕ್ಕೆ ಒಂದು! ಆಡಿಸುವವನು ತನ್ನ ಲಾಭ ಲೆಕ್ಕ ಹಾಕಿಯೇ ಬಹುಮಾನ ಗೊತ್ತುಮಾಡಿರುತ್ತಾನೆ. ನಮ್ಮ ಲಾಟರಿಯೂ ಇದೇ ಜಾತಿಯದು. ದಿನಗೂಲಿಯನ್ನೇ ನುಂಗುತ್ತಿದ್ದ ಅದನ್ನು ಕರ್ನಾಟಕ 2007ರಲ್ಲಿ ನಿಷೇಧಿಸಿದ್ದು ಒಳ್ಳೆಯದೇ ಆಯಿತು.

ನಮ್ಮ ಹತ್ತು ರೂಪಾಯಿಗೆ ಬುದ್ಧಿ ಹೇಳಿದವರಲ್ಲೇ ಎಷ್ಟೋ ಮಂದಿ ಬಾಗಿಲು ಹಾಕಿಕೊಂಡು ಮೊಬೈಲಿನಲ್ಲಿ ರಮ್ಮಿ ಆಡಿ ಸಂಬಳ ಕಳೆದರಲ್ಲ? ಹಣ ಕಟ್ಟುವ ಇಂಥ ಆಟಗಳನ್ನು ತಡೆಯಲು 2025ರಲ್ಲಿ ಸಂಸತ್ತೇ ಕಾಯ್ದೆ ತರಬೇಕಾಯಿತು.

ಸೋದರಿಯರೇ, ಧಾರಾಳವಾಗಿ ಆಡಿ. ಸೋತರೆ ನಕ್ಕು ಎದ್ದುಬನ್ನಿ. ನಗುವುದಕ್ಕೆ ಕೊಟ್ಟ ಹತ್ತು ರೂಪಾಯಿ ದಂಡವಲ್ಲ. ಹೋದದ್ದನ್ನು ವಾಪಸು ತರುತ್ತೇನೆಂದು ತೆಗೆಯುವ ಹನ್ನೊಂದನೆಯ ರೂಪಾಯಿಯೇ ಜೂಜು.