ಚಳಿ ಹೋಯ್ತು, ಮೆಸ್ ಮೆನು ಯಾವಾಗ ಹೋಗುತ್ತೆ?

ಶಿವರಾತ್ರಿ ಬಂದ್ರೆ ಚಳಿ 'ಶಿವ ಶಿವಾ' ಅಂತ ಓಡಿಹೋಗುತ್ತೆ ಅಂತಾರೆ. ಸ್ವೆಟರ್ ಬ್ಯಾಗ್ ಸೇರಿದೆ, ಫ್ಯಾನ್ ಫುಲ್ ಸ್ಪೀಡಲ್ಲಿ ತಿರುಗ್ತಿದೆ. ಆದ್ರೆ ನಮ್ಮ ಹಾಸ್ಟೆಲ್ ಮೆಸ್ ಬೋರ್ಡಿನ ಮೇಲೆ ಮಾತ್ರ ಇನ್ನೂ ಡಿಸೆಂಬರ್ ನಡೀತಿದೆ. ಅದೇ ಪೂರಿ-ಸಾಗು, ಅದೇ ಎಣ್ಣೆ ತೇಲುವ ಪಲಾವ್, ಸಂಜೆಗೆ ಅದೇ ಬಜ್ಜಿ. ವರ್ಷದ ಶುರುವಿನಲ್ಲಿ ಬರೆದ ಮೆನು ವರ್ಷ ಮುಗಿಯುವ ತನಕ ಅಳಿಸಲ್ಲ. ನನ್ನ ವಾದ ಇಷ್ಟೇ: ಮೆಸ್‌ಗೆ ವರ್ಷಕ್ಕೆ ಕನಿಷ್ಠ ಎರಡು ಮೆನು ಬೇಕು. ಶಿವರಾತ್ರಿ ಮುಗಿದ ಮೇಲೆ ಬೇಸಿಗೆ ಮೆನು ಬರಬೇಕು.

ಇದು ಹೊಸ ಐಡಿಯಾ ಏನಲ್ಲ. ಸಂಕ್ರಾಂತಿಗೆ ನಾವು ಎಳ್ಳು-ಬೆಲ್ಲ ತಿಂತೀವಿ, ಉತ್ತರ ಕರ್ನಾಟಕದಲ್ಲಿ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಮಾಡ್ತಾರೆ. ಎಳ್ಳಿನ ತೂಕದಲ್ಲಿ ಸುಮಾರು ಅರ್ಧದಷ್ಟು ಎಣ್ಣೆಯೇ. ಚಳಿಗೆ ಸರಿಯಾದ ತಿಂಡಿ. ಸುಮಾರು ಮೂರು ತಿಂಗಳು ಕಳೆದು ರಾಮನವಮಿ ಬಂದ್ರೆ ಪಾನಕ, ನೀರುಮಜ್ಜಿಗೆ, ಹೆಸರುಬೇಳೆ ಕೋಸಂಬರಿ. ನಡುವೆ ಯುಗಾದಿಗೆ ಬೇವು. ನಮ್ಮ ಹಬ್ಬಗಳು ಒಂಥರಾ ಮೆನು ಬದಲಾವಣೆಯ ನೋಟೀಸ್ ಇದ್ದ ಹಾಗೆ. ಚರಕ ಸಂಹಿತೆಯಲ್ಲೂ ವಸಂತ ಋತುವಿನಲ್ಲಿ ಜಿಡ್ಡಿನ, ಜೀರ್ಣಕ್ಕೆ ಭಾರವಾದ ಆಹಾರ ಬಿಡಿ, ಹಗಲು ನಿದ್ದೆ ಮಾಡಬೇಡಿ ಅನ್ನೋ ಸಲಹೆ ಇದೆ. ಪಲಾವ್ ತಿಂದು ಮಧ್ಯಾಹ್ನದ ಲ್ಯಾಬ್‌ನಲ್ಲಿ ತೂಕಡಿಸೋ ನಮಗೆ ಎರಡನೇ ಸಲಹೆ ಪಾಲಿಸೋದು ಕಷ್ಟ.

ಶಾಸ್ತ್ರ ಬೇಡ, ಥರ್ಮೊಡೈನಾಮಿಕ್ಸ್ ಸಾಕು ಅನ್ನೋರಿಗೆ ಒಂದು ಲೆಕ್ಕ. ಒಂದು ಲೀಟರ್ ಬೆವರು ಆವಿಯಾದ್ರೆ ದೇಹದಿಂದ ಸುಮಾರು 2,400 ಕಿಲೋಜೌಲ್ ಶಾಖ ಹೊರಗೆ ಹೋಗುತ್ತೆ. ನಮ್ಮ ಕೂಲಿಂಗ್ ಸಿಸ್ಟಮ್ ಇದೇ. ಅದಕ್ಕೆ ನೀರು ಬೇಕು, ಬೆವರಿನ ಜೊತೆ ಹೋದ ಉಪ್ಪೂ ವಾಪಸ್ ಬರಬೇಕು. ಉಪ್ಪು ಹಾಕಿದ ಮಜ್ಜಿಗೆಯಲ್ಲಿ ಎರಡೂ ಇದೆ. ಸೌತೆಕಾಯಿಯಲ್ಲಿ ಶೇ. 95ರಷ್ಟು ನೀರೇ. ಬಜ್ಜಿಯಲ್ಲಿ ಏನಿದೆ ಅಂತ ನಾನು ಹೇಳಬೇಕಾಗಿಲ್ಲ.

ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನನ್ನಂಥವರಿಗೆ 'ಲೈಟ್ ಡಯಟ್' ಅಂದ ತಕ್ಷಣ ನೆನಪಾಗೋದು ಆವಕಾಡೊ, ಡೀಟಾಕ್ಸ್ ಜ್ಯೂಸ್. ಡೀಟಾಕ್ಸ್ ಕೆಲಸವನ್ನು ಲಿವರ್ ಮತ್ತು ಕಿಡ್ನಿ ಬಿಲ್ ಕೊಡದೆ ಮಾಡ್ತಿವೆ. ಹಗುರವಾಗಿ ತಿನ್ನೋದು ಅಂದ್ರೆ ಉಪವಾಸವೂ ಅಲ್ಲ. ಮಲೆನಾಡಿನ ತಂಬುಳಿ ತಗೊಳ್ಳಿ: ಒಂದೆಲಗವನ್ನೋ ದೊಡ್ಡಪತ್ರೆಯನ್ನೋ ಬಾಡಿಸಿ, ಕಾಯಿ-ಜೀರಿಗೆ ಜೊತೆ ರುಬ್ಬಿ, ಮಜ್ಜಿಗೆಗೆ ಬೆರೆಸಿದ್ರೆ ಆಯ್ತು. ಅನ್ನದ ಜೊತೆ ಹೊಟ್ಟೆ ತುಂಬುತ್ತೆ, ಭಾರ ಆಗಲ್ಲ.

'ಇದಕ್ಕೆಲ್ಲ ಬಜೆಟ್ ಇಲ್ಲ' ಅನ್ನೋ ಉತ್ತರ ಬರುತ್ತೆ ಅಂತ ಗೊತ್ತು. ಆದ್ರೆ ಮೆಸ್‌ನಲ್ಲಿ ಮೊಸರು ಈಗಲೇ ಇದೆ. ಒಂದು ಲೀಟರಿಗೆ ಮೂರು ಲೀಟರ್ ನೀರು ಸೇರಿಸಿದ್ರೆ ನಾಲ್ಕು ಲೀಟರ್ ಮಜ್ಜಿಗೆ. ಕೋಸಂಬರಿಗೆ ಬೇಳೆ ನೆನೆಸಿದ್ರೆ ಸಾಕು, ಒಗ್ಗರಣೆಗೆ ಬಿಟ್ಟು ಗ್ಯಾಸ್ ಬೇಡ. ಪೂರಿ ಕರಿಯೋ ಎಣ್ಣೆಯ ಖರ್ಚು ಉಳಿಸಿದ್ರೆ ಸೌತೆಕಾಯಿ, ಕಲ್ಲಂಗಡಿಗೆ ಒಂದಿಷ್ಟು ಸಿಗುತ್ತೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಮಾರ್ಗಸೂಚಿಯಲ್ಲಿ ದಿನಕ್ಕೆ 400 ಗ್ರಾಂ ತರಕಾರಿ, 100 ಗ್ರಾಂ ಹಣ್ಣು ತಿನ್ನಿ ಅಂದಿದೆ. ಸಾಂಬಾರಿನಲ್ಲಿ ಈಜಾಡೋ ಎರಡು ಬೀನ್ಸ್ ಲೆಕ್ಕ ಹಾಕಿದ್ರೆ ನಾವು ಎಲ್ಲಿದ್ದೀವಿ ಅಂತ ನೀವೇ ಹೇಳಿ.

ದುಡ್ಡಿರೋರು ಫೋನ್ ಒತ್ತಿ ಫ್ರೂಟ್ ಬೌಲ್ ತರಿಸ್ಕೋತಾರೆ, ಅವರಿಗೆ ಮೆನು ಹೇಗಿದ್ರೂ ನಡೆಯುತ್ತೆ. ಆದ್ರೆ ಮನೆಯವರು ಸಾಲ ಮಾಡಿ ಫೀಸ್ ಕಟ್ಟಿರೋ ಎಷ್ಟೋ ಹುಡುಗ ಹುಡುಗಿಯರಿಗೆ ಮೂರು ಹೊತ್ತೂ ಮೆಸ್ಸೇ ಗತಿ. ಸೆಕೆಯಲ್ಲಿ, ಇಂಟರ್ನಲ್ಸ್ ಮಧ್ಯೆ, ಅವರ ಆರೋಗ್ಯವನ್ನು ಆ ಬೋರ್ಡೇ ನಿರ್ಧರಿಸುತ್ತೆ. ಹಾಗಾಗಿ ಇದು ರುಚಿಯ ಪ್ರಶ್ನೆ ಮಾತ್ರ ಅಲ್ಲ.

ಮುಂದಿನ ಮೆಸ್ ಕಮಿಟಿ ಮೀಟಿಂಗ್‌ಗೆ ಬನ್ನಿ. ಮೂರೇ ಬೇಡಿಕೆ ಇಡೋಣ: ಮಧ್ಯಾಹ್ನ ಮಜ್ಜಿಗೆ, ದಿನಕ್ಕೊಂದು ಹಸಿ ತರಕಾರಿ ಅಥವಾ ಹಣ್ಣು, ಕರಿದ ತಿಂಡಿ ವಾರಕ್ಕೆ ಒಂದೇ ಸಲ. ಜೊತೆಗೆ ನಿಮ್ಮೂರಲ್ಲಿ ಬೇಸಿಗೆಗೆ ಏನು ಮಾಡ್ತಾರೆ ಅಂತ ಮನೆಗೆ ಫೋನ್ ಮಾಡಿ ಕೇಳ್ಕೊಂಡು ಬನ್ನಿ. ರಾಗಿ ಅಂಬಲಿ ಆಗಲಿ, ಜೋಳದ ಅಂಬಲಿ ಆಗಲಿ, ಹೊಸ ಮೆನು ಬರೆಯೋಕೆ ಅದೇ ಸಾಕು.